ಅನ್ಯಧರ್ಮದ ನೆರೆಯವರಿಗಾಗಿ ಪ್ರಾರ್ಥನೆ: ಮಕ್ಕಳಿಗೆ ಕಲಿಸುವ ಬಗೆ

ಧರ್ಮೋಪದೇಶ ತರಗತಿಯಲ್ಲಿ ನಾವು ಮಕ್ಕಳಿಗೆ ಅಪ್ಪ ಅಮ್ಮನಿಗಾಗಿ, ರೋಗಿಗಳಿಗಾಗಿ, ಗುರುಗಳಿಗಾಗಿ, ತೀರಿಹೋದ ಅಜ್ಜ ಅಜ್ಜಿಯರಿಗಾಗಿ ಪ್ರಾರ್ಥಿಸಲು ಕಲಿಸುತ್ತೇವೆ. ಅದೇ ಮಗು ಸೋಮವಾರ ಶಾಲೆಗೆ ಹೋದಾಗ ಅದರ ಬೆಂಚಿನಲ್ಲಿ ಕೂರುವ ಗೆಳೆಯ ಬಹುಮಟ್ಟಿಗೆ ಹಿಂದೂ ಅಥವಾ ಮುಸ್ಲಿಂ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ಶೇಕಡ 1.87, ಅಂದರೆ ನೂರು ಮಂದಿಯಲ್ಲಿ ಇಬ್ಬರೂ ಇಲ್ಲ. ಮಗುವಿನ ದಿನದ ಬಹುಪಾಲು ಉಳಿದ ತೊಂಬತ್ತೆಂಟು ಮಂದಿಯ ನಡುವೆಯೇ ಕಳೆಯುತ್ತದೆ. ಅವರಿಗಾಗಿ ಮಗು ಪ್ರಾರ್ಥಿಸಬೇಕೆ? ಪ್ರಾರ್ಥಿಸಬೇಕಾದರೆ ಯಾವ ಮಾತುಗಳಲ್ಲಿ? ತಂದೆತಾಯಿಗಳೂ ಉಪದೇಶಿಗಳೂ ಕೇಳುವ ಈ ಪ್ರಶ್ನೆಗೆ ಧರ್ಮಸಭೆಯ ಬೋಧನೆಯ ಬೆಳಕಿನಲ್ಲಿ ಉತ್ತರ ಕೊಡುವುದು ಈ ಲೇಖನದ ಉದ್ದೇಶ.

ಉದಾಹರಣೆಗಳಿಗಾಗಿ ನಾವು ಕರಾವಳಿಯನ್ನು ಬಿಟ್ಟು ಘಟ್ಟದ ಮೇಲಿನ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿಯತ್ತ ನೋಡುತ್ತೇವೆ. ಇದಕ್ಕೆ ಕಾರಣವಿದೆ. ಕರಾವಳಿಯಲ್ಲಿ ನಮಗೆ ಚರ್ಚ್, ವಾರ್ಡು, ನಮ್ಮದೇ ಶಾಲೆ ಎಲ್ಲವೂ ಕೂಗಳತೆಯಲ್ಲಿದೆ. ಆ ನಾಲ್ಕು ತಾಲೂಕುಗಳಲ್ಲಿ ಕಥೋಲಿಕರು ಸಂಖ್ಯೆಯಲ್ಲಿ ಕಡಿಮೆ. ಅಲ್ಲಿನ ಮಗುವಿಗೆ ಅನ್ಯಧರ್ಮೀಯರು ಎಂದರೆ ಪುಸ್ತಕದ ಪಾಠವಲ್ಲ, ಪಕ್ಕದ ಮನೆಯವರು. ಜೊತೆಗೆ, 2020ರ ಜನವರಿಯಲ್ಲಿ ಕನಕಪುರದ ಕಡೆ ನಡೆದ ಘಟನೆ 2008ನ್ನು ಕಂಡ ಕರಾವಳಿಯ ನಮಗೆ ಹೊಸದೇನಲ್ಲ. ಅದನ್ನು ಮುಂದೆ ವಿವರಿಸುತ್ತೇವೆ.

ಪವಿತ್ರ ಗ್ರಂಥದಲ್ಲಿ

ತನ್ನವರಲ್ಲದವರಿಗಾಗಿ ಪ್ರಾರ್ಥಿಸುವುದು ನಮ್ಮ ಕಾಲದ ಹೊಸ ಪದ್ಧತಿ ಎಂದು ಕೆಲವರು ಭಾವಿಸುತ್ತಾರೆ. ಅದು ಸರಿಯಲ್ಲ. ಅಬ್ರಹಾಮನು ಸೊದೋಮ್ ಊರಿನ ಪರವಾಗಿ ದೇವರೊಡನೆ ಚೌಕಾಸಿಗೆ ನಿಂತನು (ಆದಿಕಾಂಡ 18). ಪರದೇಶದ ಅರಸ ಅಬೀಮೆಲೆಕನ ಮನೆಯವರು ಗುಣವಾಗಲೆಂದು ಪ್ರಾರ್ಥಿಸಿದನು (ಆದಿಕಾಂಡ 20). ಸೊಲೊಮೋನನು ದೇವಾಲಯದ ಪ್ರತಿಷ್ಠೆಯ ದಿನ, ದೂರದೇಶದ ಅನ್ಯನೊಬ್ಬ ಬಂದು ಬೇಡಿಕೊಂಡರೆ ಅವನ ಮೊರೆಯನ್ನೂ ಆಲಿಸಬೇಕೆಂದು ದೇವರನ್ನು ಕೇಳಿಕೊಂಡನು (1 ಅರಸುಗಳು 8). ಸೆರೆಯಾಗಿ ಬಾಬಿಲೋನಿಗೆ ಹೋದವರಿಗೆ ಪ್ರವಾದಿ ಯೆರೆಮೀಯನು ಕಳುಹಿಸಿದ ಪತ್ರದಲ್ಲಿ, ನೀವಿರುವ ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮವಿದೆ ಎಂಬ ಆಶಯವಿದೆ (ಯೆರೆಮೀಯ 29). ಆ ಪಟ್ಟಣದ ಜನ ಇಸ್ರಯೇಲರ ದೇವರನ್ನು ಆರಾಧಿಸುವವರಾಗಿರಲಿಲ್ಲ ಎಂಬುದನ್ನು ಮಕ್ಕಳಿಗೆ ಮರೆಯದೆ ಹೇಳಬೇಕು.

ಯೇಸುಸ್ವಾಮಿ ಒಂದು ಹೆಜ್ಜೆ ಮುಂದೆ ಹೋಗಿ ಹಿಂಸಿಸುವವರಿಗಾಗಿಯೂ ಪ್ರಾರ್ಥಿಸಲು ಕಲಿಸಿದರು. ಅದಕ್ಕೆ ಅವರು ಕೊಟ್ಟ ಕಾರಣ ಮಗುವಿಗೂ ಅರ್ಥವಾಗುವಂಥದ್ದು: ತಂದೆ ದೇವರು ಬಿಸಿಲನ್ನೂ ಮಳೆಯನ್ನೂ ಹಂಚುವಾಗ ಭೇದ ಮಾಡುವುದಿಲ್ಲ (ಮತ್ತಾಯ 5). ಸಂತ ಪೌಲರು ತಿಮೊಥೇಯನಿಗೆ ಬರೆದ ಮೊದಲ ಪತ್ರದ 2ನೇ ಅಧ್ಯಾಯದಲ್ಲಿ ಎಲ್ಲ ಮನುಷ್ಯರಿಗಾಗಿ, ಅರಸರಿಗಾಗಿಯೂ ಪ್ರಾರ್ಥಿಸಲು ಹೇಳುತ್ತಾರೆ. ಆ ಕಾಲದ ಅರಸರು ಕ್ರೈಸ್ತರಾಗಿರಲಿಲ್ಲ.

ಇನ್ನೂ ಸುಲಭದ ಒಂದು ದಾರಿ ಇದೆ. ಪ್ರಭು ಕಲಿಸಿದ ಪ್ರಾರ್ಥನೆಯಲ್ಲಿ ನಾವು ದೇವರನ್ನು ನಮ್ಮ ತಂದೆ ಎನ್ನುತ್ತೇವೆ, ನನ್ನ ತಂದೆ ಎನ್ನುವುದಿಲ್ಲ. ಅನ್ನವನ್ನು ಕೇಳುವಾಗಲೂ ನಮಗೆ ಎಂದೇ ಕೇಳುತ್ತೇವೆ. ಆ ‘ನಮಗೆ’ಯಲ್ಲಿ ಯಾರು ಯಾರು ಸೇರುತ್ತಾರೆ ಎಂದು ತರಗತಿಯಲ್ಲಿ ಕೇಳಿ ನೋಡಿ. ಮಕ್ಕಳೇ ಒಬ್ಬೊಬ್ಬರ ಹೆಸರು ಸೇರಿಸುತ್ತಾ ಹೋಗುತ್ತಾರೆ.

ಧರ್ಮಸಭೆಯ ಆರಾಧನೆಯಲ್ಲಿ

ಕ್ರಿ.ಶ. 155ರ ಸುಮಾರಿಗೆ ಸಂತ ಜಸ್ಟಿನ್ ರೋಮ್ ನಗರದ ಕ್ರೈಸ್ತರ ಆರಾಧನೆಯನ್ನು ವಿವರಿಸುವಾಗ, ಅವರು ತಮಗಾಗಿ ಮಾತ್ರವಲ್ಲ, ಎಲ್ಲೆಡೆಯ ಎಲ್ಲರಿಗಾಗಿಯೂ ಪ್ರಾರ್ಥಿಸುತ್ತಾರೆಂದು ಬರೆದಿದ್ದಾರೆ. ಮುಂದಿನ ಶತಮಾನಗಳಲ್ಲಿ ರೋಮನ್ ಬಲಿಪೂಜೆಯಿಂದ ಈ ವಿಶ್ವಾಸಿಗಳ ಪ್ರಾರ್ಥನೆ ಮರೆಯಾಯಿತು. 1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯ ಆರಾಧನಾ ವಿಧಿಯ ಸಂವಿಧಾನವು ಅದನ್ನು ಮರಳಿ ತರಲು ಆದೇಶಿಸಿತು. ಇಂದು ಅದರ ಕ್ರಮ ಹೀಗಿದೆ: ಧರ್ಮಸಭೆಗಾಗಿ, ನಾಡನ್ನು ಆಳುವವರಿಗೂ ಲೋಕದ ಉದ್ಧಾರಕ್ಕೂ, ಕಷ್ಟದಲ್ಲಿರುವವರಿಗಾಗಿ, ಕೊನೆಗೆ ಸ್ಥಳೀಯ ಸಮುದಾಯಕ್ಕಾಗಿ. ಕೆಲವು ಕಡೆ ನಾಲ್ಕೂ ಬಿನ್ನಹಗಳು ನಮ್ಮ ಊರು, ನಮ್ಮ ಹಬ್ಬ, ನಮ್ಮ ಸಂಘಗಳ ಸುತ್ತಲೇ ಸುತ್ತುತ್ತವೆ. ಕ್ರಮವನ್ನು ನೋಡಿದರೆ ನಮ್ಮ ಸಮುದಾಯದ ಸರದಿ ಬರುವುದು ಕೊನೆಗೆ.

ಶುಭ ಶುಕ್ರವಾರದ ಆರಾಧನೆ ಇನ್ನೂ ಸ್ಪಷ್ಟ. ಅಂದು ಹತ್ತು ಗಂಭೀರ ಪ್ರಾರ್ಥನೆಗಳಿವೆ. ಆರನೆಯದು ಯೆಹೂದ್ಯ ಜನರಿಗಾಗಿ, ಏಳನೆಯದು ಕ್ರಿಸ್ತನಲ್ಲಿ ವಿಶ್ವಾಸವಿಡದವರಿಗಾಗಿ, ಎಂಟನೆಯದು ದೇವರನ್ನೇ ನಂಬದವರಿಗಾಗಿ. ಏಳನೆಯ ಪ್ರಾರ್ಥನೆಯನ್ನು ಉಪದೇಶಿಗಳು ಒಮ್ಮೆ ನಿಧಾನವಾಗಿ ಓದಬೇಕು. ಅದರಲ್ಲಿ ಎರಡು ಕೋರಿಕೆಗಳಿವೆ. ಮೊದಲನೆಯದು ಅವರಿಗಾಗಿ: ಶುದ್ಧ ಹೃದಯದಿಂದ ದೇವರ ಮುಂದೆ ನಡೆಯುತ್ತಾ ಸತ್ಯವನ್ನು ಕಂಡುಕೊಳ್ಳಲಿ ಎಂದು. ಎರಡನೆಯದು ನಮಗಾಗಿ: ನಾವು ಪರಸ್ಪರ ಪ್ರೀತಿಯಲ್ಲಿ ಬೆಳೆದು ದೇವರ ಪ್ರೀತಿಗೆ ಇನ್ನೂ ಒಳ್ಳೆಯ ಸಾಕ್ಷಿಗಳಾಗುವಂತೆ ಎಂದು. ಅವರಿಗಾಗಿ ಪ್ರಾರ್ಥಿಸುವಾಗ ನಮ್ಮ ಬದಲಾವಣೆಯನ್ನೂ ಕೇಳಿಕೊಳ್ಳುವುದೇ ಧರ್ಮಸಭೆಯ ಮಾದರಿ.

ಈ ಪ್ರಾರ್ಥನೆಗಳ ಮಾತುಗಳೂ ಬದಲಾಗಿವೆ. ಯೆಹೂದ್ಯರ ಬಗ್ಗೆ ಇದ್ದ, ಅವರ ಮನ ನೋಯಿಸುವ ವಿಶೇಷಣವನ್ನು 1959ರಲ್ಲಿ ಜಗದ್ಗುರು ಇಪ್ಪತ್ತಮೂರನೇ ಜಾನ್ ತೆಗೆಸಿದರು. 1970ರ ಪೂಜಾಗ್ರಂಥದಲ್ಲಿ ಆ ಪ್ರಾರ್ಥನೆಯನ್ನೇ ಹೊಸದಾಗಿ ಬರೆಯಲಾಯಿತು. ಪ್ರಾರ್ಥನೆಯಲ್ಲಿ ಬಳಸುವ ಒಂದು ಪದವೂ ಜನರ ನಡುವಿನ ಸಂಬಂಧವನ್ನು ಕೆಡಿಸಬಲ್ಲದು ಅಥವಾ ಸರಿಪಡಿಸಬಲ್ಲದು ಎಂಬುದನ್ನು ಇದು ತೋರಿಸುತ್ತದೆ.

1965ರ ಅಕ್ಟೋಬರ್ 28ರಂದು ಪ್ರಕಟವಾದ ‘ನೋಸ್ತ್ರಾ ಎತಾತೆ’ ಘೋಷಣೆಯು ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲ ಎಂದು ಕಲಿಸಿತು. ಹಿಂದೂ ಮತ್ತು ಬೌದ್ಧ ಧರ್ಮಗಳನ್ನು ಹೆಸರಿಸಿತು, ಮುಸಲ್ಮಾನರ ಬಗ್ಗೆ ಗೌರವದಿಂದ ಮಾತಾಡಿತು. ಅದೇ ವರ್ಷ ಡಿಸೆಂಬರ್ 7ರಂದು ಬಂದ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯು ವಿಶ್ವಾಸದ ವಿಷಯದಲ್ಲಿ ಯಾರನ್ನೂ ಬಲವಂತಪಡಿಸಬಾರದು ಎಂದಿತು. 2000ದಲ್ಲಿ ಪ್ರಕಟವಾದ ‘ದೋಮಿನುಸ್ ಯೇಸುಸ್’ ದಾಖಲೆ, ಕ್ರಿಸ್ತನೇ ಸಕಲರ ಏಕೈಕ ರಕ್ಷಕ ಎಂಬ ವಿಶ್ವಾಸವನ್ನು ಒತ್ತಿ ಹೇಳಿತು. ಇವನ್ನೆಲ್ಲ ಒಟ್ಟಿಗೆ ಹಿಡಿದುಕೊಂಡೇ ಮಕ್ಕಳಿಗೆ ಕಲಿಸಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದರೆ ಪಾಠ ಕುಂಟುತ್ತದೆ.

ಮಕ್ಕಳ ಪ್ರಾರ್ಥನೆಯ ಒಂದು ಹಳೆಯ ಸಂಘಟನೆ

ಮಕ್ಕಳು ಮಕ್ಕಳಿಗಾಗಿ ಪ್ರಾರ್ಥಿಸುವ ಸಂಘಟಿತ ಪದ್ಧತಿಗೆ 180 ವರ್ಷಗಳ ಇತಿಹಾಸವಿದೆ. 1843ರಲ್ಲಿ ಫ್ರಾನ್ಸಿನ ನಾನ್ಸಿಯ ಧರ್ಮಾಧ್ಯಕ್ಷ ಶಾರ್ಲ್ ದ ಫೋರ್ಬ್ಯಾಂ ಜಾನ್ಸನ್ ಅವರು ಪವಿತ್ರ ಬಾಲ್ಯದ ಸಂಘವನ್ನು ಆರಂಭಿಸಿದರು. ಮಕ್ಕಳು ದಿನಕ್ಕೊಂದು ನಮೋ ಮರಿಯಾ ಹೇಳುವುದು, ತಿಂಗಳಿಗೊಂದು ನಾಣ್ಯ ಕೊಡುವುದು ಇದರ ನಿಯಮ. ಚೀನಾದ ಅನಾಥ ಶಿಶುಗಳ ನೆರವು ಮತ್ತು ದೀಕ್ಷಾಸ್ನಾನ ಅಂದಿನ ಮುಖ್ಯ ಕಾಳಜಿಯಾಗಿತ್ತು. 1922ರಲ್ಲಿ ಅದು ಜಗದ್ಗುರುಗಳ ಅಧಿಕೃತ ಸಂಘವಾಯಿತು. ಇಂದು ಅದರ ನೆರವು ಮಕ್ಕಳ ಶಿಕ್ಷಣ, ಆರೋಗ್ಯ, ರಕ್ಷಣೆಯ ಯೋಜನೆಗಳಿಗೆ ಸಲ್ಲುತ್ತದೆ.

1951ರಲ್ಲಿ ಅಮೆರಿಕದ ಧರ್ಮಾಧ್ಯಕ್ಷ ಫುಲ್ಟನ್ ಶೀನ್ ಅವರು ಐದು ಖಂಡಗಳಿಗೆ ಐದು ಬಣ್ಣದ ಮಣಿಗಳಿರುವ ವಿಶ್ವ ಪ್ರೇಷಿತ ಜಪಮಾಲೆಯನ್ನು ಪ್ರಚಾರಕ್ಕೆ ತಂದರು. ಹಳದಿ ಏಷ್ಯಾ ಖಂಡಕ್ಕೆ. ಹಳದಿ ಮಣಿಗಳ ಹತ್ತು ನಮೋ ಮರಿಯಾಗಳನ್ನು ನಮ್ಮ ಬೀದಿಯ ಹತ್ತು ಮನೆಗಳಿಗೆ ಒಂದೊಂದರಂತೆ ಒಪ್ಪಿಸಲು ಮಕ್ಕಳಿಗೆ ಹೇಳಬಹುದು. ಏಷ್ಯಾ ಎಂಬ ದೊಡ್ಡ ಹೆಸರು ಆಗ ಕೈಗೆ ಸಿಗುತ್ತದೆ.

ನಾಲ್ಕು ತಾಲೂಕುಗಳಲ್ಲಿ

ರಾಮನಗರ ಜಿಲ್ಲೆ 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟಿತು. 2025ರ ಮೇ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟ ಅದಕ್ಕೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ತೀರ್ಮಾನಿಸಿತು. ಜಿಲ್ಲಾ ಕೇಂದ್ರ ರಾಮನಗರವೇ. ಧರ್ಮಸಭೆಯ ಲೆಕ್ಕದಲ್ಲಿ ಇದು ಬೆಂಗಳೂರು ಮಹಾಧರ್ಮಕ್ಷೇತ್ರಕ್ಕೆ ಸೇರಿದೆ. 2018ರಿಂದ ಅಲ್ಲಿನ ಮಹಾಧರ್ಮಾಧ್ಯಕ್ಷರಾಗಿರುವ ಡಾ. ಪೀಟರ್ ಮಚಾದೊ ನಮ್ಮ ಕರಾವಳಿಯ ಹೊನ್ನಾವರದವರು.

ರಾಮನಗರ: ಇಲ್ಲಿನ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾಗಿದೆ. ಹಿಪ್ಪುನೇರಳೆ ಬೆಳೆದು ಹುಳು ಸಾಕಿ ಗೂಡು ತರುವ ರೈತರಲ್ಲಿ ಹೆಚ್ಚಿನವರು ಹಿಂದೂಗಳು, ಗೂಡು ಕೊಂಡು ನೂಲು ತೆಗೆಯುವ ರೀಲರುಗಳಲ್ಲಿ ಮುಸ್ಲಿಮರು ಬಹಳ. ಒಬ್ಬರಿಲ್ಲದೆ ಇನ್ನೊಬ್ಬರ ಒಲೆ ಉರಿಯದು. ಮೊದಲ ಪರಮಪ್ರಸಾದದ ದಿನ ಮಗುವಿನ ತಾಯಿ ಉಡುವ ರೇಷ್ಮೆ ಸೀರೆಯನ್ನೇ ಪಾಠಕ್ಕೆ ತೆಗೆದುಕೊಳ್ಳಿ. ಅದು ನಮ್ಮ ಮನೆಗೆ ಬರುವ ಮುಂಚೆ ಯಾರ ಯಾರ ಕೈ ದಾಟಿತು ಎಂದು ಹಿಂದಕ್ಕೆ ಎಣಿಸಿ, ಆ ಒಬ್ಬೊಬ್ಬರಿಗಾಗಿ ವಂದನೆ ಹೇಳಿಸಿ.

ವಂದನೆ ಮಾತ್ರ ಸಾಲದು. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 1996ರಲ್ಲಿ ಮತ್ತು 2003ರಲ್ಲಿ ಪ್ರಕಟಿಸಿದ ವರದಿಗಳು ರಾಮನಗರದ ಸುತ್ತಲಿನ ನೂಲು ತೆಗೆಯುವ ಘಟಕಗಳಲ್ಲಿ ಮಕ್ಕಳು ಸಾಲದ ಜೀತಕ್ಕೆ ಸಿಕ್ಕಿ ದುಡಿಯುತ್ತಿದ್ದುದನ್ನು ದಾಖಲಿಸಿವೆ. ಗೂಡು ಬೇಯುವ ಬಿಸಿನೀರಿಗೆ ಆ ಮಕ್ಕಳು ಕೈ ಹಾಕಬೇಕಾಗಿತ್ತು. ಅವರ ಧರ್ಮ ಯಾವುದು ಎಂಬುದು ನಮ್ಮ ಮಗು ಕೇಳಬೇಕಾದ ಮೊದಲ ಪ್ರಶ್ನೆಯಲ್ಲ. 2022ರ ಆಗಸ್ಟ್ ಕೊನೆಯಲ್ಲಿ ಮಳೆ ಸುರಿದು ರಾಮನಗರದ ಮನೆಗಳಿಗೆ ನೀರು ನುಗ್ಗಿದಾಗಲೂ ನೀರು ಯಾರ ಮನೆ ಎಂದು ನೋಡಲಿಲ್ಲ. ಇಂಥ ಸಂದರ್ಭದಲ್ಲಿ ಪ್ರಾರ್ಥಿಸಿದ ಮಗು, ಎದ್ದ ಮೇಲೆ ಒಂದು ಕಂಬಳಿಯನ್ನೋ ಒಂದು ನೋಟುಪುಸ್ತಕವನ್ನೋ ಕೊಡುವಂತಿರಬೇಕು.

ಚನ್ನಪಟ್ಟಣ: ಬೊಂಬೆಗಳ ಊರು. ಆಲೆ ಮರದ ತುಂಡನ್ನು ಕಡಚಲು ಯಂತ್ರಕ್ಕೆ ಕೊಟ್ಟು, ತಿರುಗುವಾಗಲೇ ಅರಗಿನ ಬಣ್ಣ ಹಿಡಿಸುವ ಈ ಕಸುಬಿಗೆ 2005–06ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಮುಸ್ಲಿಂ ಕುಶಲಕರ್ಮಿಗಳೂ ಹಿಂದೂ ಕುಶಲಕರ್ಮಿಗಳೂ ಇಲ್ಲಿದ್ದಾರೆ. ಚಿಕ್ಕ ಮಗುವಿನ ಕೈಯಲ್ಲಿ ಒಂದು ಬೊಂಬೆ ಕೊಟ್ಟು, ಇದನ್ನು ಮಾಡಿದ ಮಾಮನ ಕಣ್ಣು ಕೈ ಚೆನ್ನಾಗಿರಲಿ ಎಂದು ಹೇಳಿಸುವುದಕ್ಕಿಂತ ಸುಲಭದ ಪಾಠ ಇನ್ನೊಂದಿಲ್ಲ.

ಅದೇ ತಾಲೂಕಿನ ದೊಡ್ಡಮಳೂರಿನ ಅಪ್ರಮೇಯ ದೇವಸ್ಥಾನದಲ್ಲಿ ಅಂಬೆಗಾಲಿನ ಕೃಷ್ಣನ ಮೂರ್ತಿ ಇದೆ. ಮಕ್ಕಳಿಲ್ಲದ ದಂಪತಿಗಳು ಅಲ್ಲಿಗೆ ಬಂದು ಪುಟ್ಟ ತೊಟ್ಟಿಲು ಅರ್ಪಿಸುತ್ತಾರೆ. ಅಲ್ಲಿನ ಪೂಜೆ ನಮ್ಮದಲ್ಲ. ಆದರೆ ಮಗುವಿಗಾಗಿ ಕಾಯುವ ತಾಯಿಯ ಕಣ್ಣೀರು ನಮಗೆ ಗೊತ್ತಿಲ್ಲದ್ದೇನಲ್ಲ. ಸಮುವೇಲನ ತಾಯಿ ಹನ್ನಳ ಕಥೆಯನ್ನು (1 ಸಮುವೇಲ 1) ಕಲಿಸುವ ದಿನ, ಆ ತೊಟ್ಟಿಲುಗಳನ್ನು ಕಟ್ಟಿದ ತಾಯಂದಿರನ್ನೂ ನೆನೆಯಬಹುದು.

ಮಾಗಡಿ: ಸಾವನದುರ್ಗದ ಬುಡದಲ್ಲಿ ವೀರಭದ್ರ ಮತ್ತು ನರಸಿಂಹ ದೇವಸ್ಥಾನಗಳಿರುವ ತಾಲೂಕು. ತುಮಕೂರಿನ ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮೀಜಿಗಳು 1907ರಲ್ಲಿ ಹುಟ್ಟಿದ್ದು ಈ ತಾಲೂಕಿನ ವೀರಾಪುರದಲ್ಲಿ. ಜಾತಿ ಮತ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಆಶ್ರಯ, ವಿದ್ಯೆ ಕೊಟ್ಟ ಅವರು 2019ರ ಜನವರಿ 21ರಂದು 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಮಕ್ಕಳ ಮಧ್ಯಾಹ್ನದ ಊಟ ಮುಗಿಯುವವರೆಗೆ ತಮ್ಮ ಸಾವಿನ ಸುದ್ದಿ ಹೇಳಬಾರದೆಂದು ಅವರು ಬಯಸಿದ್ದರೆಂದು ಆಗ ವರದಿಯಾಗಿತ್ತು. ಅನ್ಯಧರ್ಮೀಯರಿಗಾಗಿ ಪ್ರಾರ್ಥಿಸುವುದೆಂದರೆ ಅವರಲ್ಲಿ ಏನೋ ಕೊರತೆ ಇದೆಯೆಂದು ಕನಿಕರಪಡುವುದಲ್ಲ. ಅವರ ಮೂಲಕ ದೇವರು ನಾಡಿಗೆ ಕೊಟ್ಟ ಒಳಿತಿಗೆ ವಂದನೆ ಹೇಳುವುದೂ ಪ್ರಾರ್ಥನೆಯೇ.

ಕನಕಪುರ: ಇಲ್ಲಿ ಪಾಠ ಕಠಿಣವಾಗುತ್ತದೆ. ಈ ತಾಲೂಕಿನ ಹಾರೋಬೆಲೆ ಬಹುಪಾಲು ಕಥೋಲಿಕರೇ ಇರುವ, ಕನ್ನಡ ಮಾತನಾಡುವ ರೈತರ ಹಳೆಯ ಕ್ರೈಸ್ತ ಗ್ರಾಮ. ಅಲ್ಲಿನ ಕಪಾಲಬೆಟ್ಟದ ಮೇಲೆ ತಪಸ್ಸು ಕಾಲದಲ್ಲಿ ಶಿಲುಬೆ ಹಾದಿ ನಡೆಯುತ್ತದೆ. 2019ರ ಡಿಸೆಂಬರ್ 25ರಂದು ಕನಕಪುರದ ಶಾಸಕ ಡಿ.ಕೆ. ಶಿವಕುಮಾರ್ ಅವರು ಆ ಬೆಟ್ಟದಲ್ಲಿ 114 ಅಡಿ ಎತ್ತರದ ಯೇಸುವಿನ ಪ್ರತಿಮೆಗೆ ಶಿಲಾನ್ಯಾಸ ಮಾಡಿದರು. ಬೆಟ್ಟ ಮುನೇಶ್ವರನದ್ದು ಎಂದು ವಾದ ಎದ್ದಿತು, ಜಮೀನು ಮಂಜೂರಾತಿಯ ಬಗ್ಗೆ ತಕರಾರು ಬಂತು. 2020ರ ಜನವರಿ 13ರಂದು ಸಂಘ ಪರಿವಾರದ ಸಂಘಟನೆಗಳು ಕನಕಪುರ ಚಲೋ ನಡೆಸಿದವು. ಪ್ರತಿಮೆ, ಜಮೀನು, ರಾಜಕೀಯ ಇವುಗಳ ಸರಿತಪ್ಪು ಈ ಲೇಖನದ ವಿಷಯವಲ್ಲ. ನಮ್ಮ ಪ್ರಶ್ನೆ ಇಷ್ಟೇ: ಅಂಥ ದಿನ ಟಿವಿಯಲ್ಲಿ ಘೋಷಣೆಗಳನ್ನು ಕೇಳಿದ ಎಂಟು ವರ್ಷದ ಮಗು ರಾತ್ರಿ ಜಪಸರಕ್ಕೆ ಮೊಣಕಾಲೂರಿದಾಗ ಅದರ ಬಾಯಿಗೆ ನಾವು ಯಾವ ಮಾತು ಕೊಡಬೇಕು?

2008ರ ಸೆಪ್ಟೆಂಬರ್ 14ರ ಭಾನುವಾರ ಮಂಗಳೂರಿನಲ್ಲಿ ಪರಮಪ್ರಸಾದದ ಆರಾಧನಾ ಮಠದ ಮೇಲೆ ದಾಳಿಯಾದಾಗ ಕರಾವಳಿಯ ಮನೆಗಳಲ್ಲೂ ಇದೇ ಪ್ರಶ್ನೆ ಇತ್ತು. ದೇವರೇ, ಅವರನ್ನು ಶಿಕ್ಷಿಸು ಎಂದು ಹೇಳಿಸಿದರೆ, ನಾಳೆ ಶಾಲೆಯಲ್ಲಿ ಪಕ್ಕದಲ್ಲಿ ಕೂರುವ ಹುಡುಗನೂ ಆ ‘ಅವರ’ಲ್ಲಿ ಒಬ್ಬನಾಗುತ್ತಾನೆ. ಏನೂ ಆಗಿಲ್ಲವೆಂಬಂತೆ ಸುಮ್ಮನಿದ್ದರೆ, ಭಯ ಮಗುವಿನ ಮನಸ್ಸಿನಲ್ಲೇ ಕೂರುತ್ತದೆ. ಯೇಸು ಕಲಿಸಿದ ದಾರಿ ಬೇರೆ. ನಮಗೆ ಭಯವಾಗಿದೆ ಎಂದು ದೇವರಿಗೆ ನೇರವಾಗಿ ಹೇಳುವುದು. ಕೂಗಿದವರನ್ನೂ ಕಾಪಾಡು ಎಂದು ಬೇಡುವುದು. ಕೂಗದ, ನಮ್ಮೊಂದಿಗೆ ಎಂದಿನಂತೆ ಮಾತಾಡಿದ ನೆರೆಯವರನ್ನು ಹೆಸರಿಟ್ಟು ನೆನೆದು ವಂದನೆ ಹೇಳುವುದು. ಈ ಮೂರನೆಯದನ್ನು ಎಂದಿಗೂ ಬಿಡಬಾರದು. ಒಂದು ಗುಂಪಿನ ಕೃತ್ಯವನ್ನು ಇಡೀ ಧರ್ಮದ ತಲೆಗೆ ಕಟ್ಟದಂತೆ ಮಗುವನ್ನು ಕಾಯುವುದು ಅದೇ.

ಇನ್ನೊಂದು ವ್ಯತ್ಯಾಸ ಗಮನಿಸಿ. ಚನ್ನಪಟ್ಟಣ ಪೇಟೆಯ ಶಾಲೆಯಲ್ಲಿ ಕ್ರೈಸ್ತ ಮಗು ತರಗತಿಗೆ ಒಂದೇ ಇರಬಹುದು. ಅದಕ್ಕೆ ಗೆಳೆಯರ ಹೆಸರು ಹುಡುಕಿಕೊಡಬೇಕಾಗಿಲ್ಲ, ತನ್ನ ವಿಶ್ವಾಸದ ಮಾತುಗಳನ್ನು ಗಟ್ಟಿಮಾಡಿ ಕೊಡಬೇಕು. ಹಾರೋಬೆಲೆಯಂಥ ಕ್ರೈಸ್ತ ಗ್ರಾಮದಲ್ಲಿ ತದ್ವಿರುದ್ಧ. ಅಲ್ಲಿನ ಮಗುವಿಗೆ ಪ್ರಾರ್ಥನೆಯ ಮಾತು ಬರುತ್ತದೆ, ಪಕ್ಕದ ಹಳ್ಳಿಯವರ ಹೆಸರು ಗೊತ್ತಿರುವುದಿಲ್ಲ. ಕರಾವಳಿಯ ನಮ್ಮ ದೊಡ್ಡ ಧರ್ಮಕೇಂದ್ರಗಳ ಮಕ್ಕಳು ಈ ಎರಡನೆಯ ಗುಂಪಿಗೆ ಸೇರುತ್ತಾರೆ.

ವಯಸ್ಸಿಗೆ ತಕ್ಕ ಪಾಠ

4ರಿಂದ 7 ವರ್ಷ: ಹೆಸರು ಮತ್ತು ವಂದನೆ ಸಾಕು. ಧರ್ಮದ ಹೆಸರು ಹೇಳಬೇಕಾಗಿಲ್ಲ. ಹಾಲು ತರುವ ಅಣ್ಣ, ಆಟೋ ಓಡಿಸುವ ಮಾಮ, ಪಕ್ಕದ ಮನೆಯ ಅಜ್ಜಿ ಎಂದರೆ ಮಗುವಿಗೆ ಮುಖ ಕಾಣಿಸುತ್ತದೆ.

8ರಿಂದ 11 ವರ್ಷ: ಹೆಸರು, ವಂದನೆ, ಕೋರಿಕೆ ಎಂಬ ಮೂರು ಮೆಟ್ಟಿಲು ಕಲಿಸಿ. ಯಾರಿಗಾಗಿ, ಅವರಿಂದ ನಮಗೇನು ಒಳಿತಾಗಿದೆ, ಅವರಿಗೆ ಈಗ ಏನು ಬೇಕು. ಜ್ವರ, ಪರೀಕ್ಷೆ, ಮಳೆ ಬಾರದ ಹೊಲ ಹೀಗೆ ಕೋರಿಕೆ ನಿರ್ದಿಷ್ಟವಾಗಿರಲಿ. ಹಬ್ಬಗಳ ಪರಿಚಯವನ್ನೂ ಈ ವಯಸ್ಸಿನಲ್ಲಿ ಮಾಡಿಸಬಹುದು.

12ರಿಂದ 15 ವರ್ಷ: ಈಗ ಮಕ್ಕಳು ಪ್ರಶ್ನೆ ಕೇಳುತ್ತಾರೆ, ಮೊಬೈಲಿನಲ್ಲಿ ಬರುವ ದ್ವೇಷದ ಮಾತುಗಳನ್ನೂ ನೋಡುತ್ತಾರೆ. ಶುಭ ಶುಕ್ರವಾರದ ಏಳನೆಯ ಪ್ರಾರ್ಥನೆಯನ್ನು ತರಗತಿಯಲ್ಲಿ ಓದಿ ಚರ್ಚಿಸಿ. ಭಾನುವಾರದ ವಿಶ್ವಾಸಿಗಳ ಪ್ರಾರ್ಥನೆಯ ಒಂದು ಬಿನ್ನಹವನ್ನು ಅವರೇ ಬರೆಯಲಿ, ಉಪದೇಶಿಗಳು ತಿದ್ದಲಿ.

ತಿದ್ದುವ ಬಗೆ

ಬಿನ್ನಹವನ್ನು ತಿದ್ದುವಾಗ ಒಂದೇ ಪರೀಕ್ಷೆ ಸಾಕು: ಯಾರಿಗಾಗಿ ಪ್ರಾರ್ಥಿಸುತ್ತೇವೋ ಅವರು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಿಸಿಕೊಂಡರೆ ಅವರ ಮನಸ್ಸು ನೋಯುತ್ತದೆಯೇ? ನೋಯುವುದಾದರೆ ಮಾತು ಬದಲಿಸಬೇಕು. ಯೇಸುವಿನ ಹೆಸರನ್ನು ಬಿಡಬೇಕಾಗಿಲ್ಲ. ಕ್ರೈಸ್ತರು ಯೇಸುವಿನ ಹೆಸರಿನಲ್ಲಿ ಪ್ರಾರ್ಥಿಸುತ್ತಾರೆಂದು ನೆರೆಯವರಿಗೆ ಗೊತ್ತು. ಅವರನ್ನು ನೋಯಿಸುವುದು ತಾತ್ಸಾರ.

ಉದಾಹರಣೆಗೆ, ಕತ್ತಲೆಯಲ್ಲಿ ತೊಳಲುವ ನಮ್ಮ ಊರಿನ ಹಿಂದೂ ಮುಸ್ಲಿಮರಿಗಾಗಿ ಎಂದು ಮಗು ಬರೆದರೆ ಹೀಗೆ ತಿದ್ದಬಹುದು: “ನಮ್ಮ ಜೊತೆ ಓದುವ, ಆಡುವ, ಕಷ್ಟಕ್ಕೆ ಒದಗುವ ಹಿಂದೂ ಮತ್ತು ಮುಸ್ಲಿಂ ನೆರೆಯವರಿಗಾಗಿ. ದೇವರು ಅವರ ಮನೆಗಳನ್ನು ಕಾಯಲಿ, ಅವರಿಗೂ ನಮಗೂ ಸತ್ಯದ ದಾರಿ ತೋರಲಿ, ನಮ್ಮಲ್ಲಿ ಅವರು ಯೇಸುವಿನ ಪ್ರೀತಿಯನ್ನು ಕಾಣುವಂತಾಗಲಿ ಎಂದು ಪ್ರಾರ್ಥಿಸೋಣ.”

ಚಿಕ್ಕ ಮಕ್ಕಳಿಗೆ ರಾತ್ರಿಯ ಪ್ರಾರ್ಥನೆ ಹೀಗಿರಬಹುದು: “ಯೇಸುವೇ, ಇವತ್ತು ನನ್ನ ಗೆಳೆಯ ತನ್ನ ಬುತ್ತಿಯನ್ನು ನನಗೂ ಕೊಟ್ಟ. ಅವನಿಗೆ ಒಳ್ಳೆಯದು ಮಾಡು. ಅವನ ಅಪ್ಪನಿಗೆ ಕೆಲಸ ಸಿಗಲಿ. ನಾನೂ ಅವನಿಗೆ ಒಳ್ಳೆಯ ಗೆಳೆಯನಾಗಿರುವಂತೆ ಮಾಡು. ಆಮೆನ್.”

ಮಕ್ಕಳು ಕೇಳುವ ಪ್ರಶ್ನೆಗಳು

“ಟೀಚರ್, ನನ್ನ ಗೆಳತಿ ಸ್ವರ್ಗಕ್ಕೆ ಹೋಗುತ್ತಾಳಾ?” ಧರ್ಮಸಭೆಯ ಕುರಿತ ಮಹಾಸಭೆಯ ಸಂವಿಧಾನದ 16ನೇ ಪರಿಚ್ಛೇದದಲ್ಲಿ ಉತ್ತರವಿದೆ. ತಮ್ಮ ತಪ್ಪಿಲ್ಲದೆ ಶುಭಸಂದೇಶವನ್ನು ಅರಿಯದಿದ್ದರೂ, ನಿಷ್ಕಪಟ ಹೃದಯದಿಂದ ದೇವರನ್ನು ಹುಡುಕುತ್ತಾ, ದೇವರ ಕೃಪೆಯಿಂದ ಮನಸ್ಸಾಕ್ಷಿಯಂತೆ ನಡೆಯುವವರು ಉದ್ಧಾರ ಪಡೆಯಬಲ್ಲರು. ತೀರ್ಪು ದೇವರದು. ಮಗುವನ್ನು ನ್ಯಾಯಾಧೀಶನ ಕುರ್ಚಿಯಲ್ಲಿ ಕೂರಿಸಬಾರದು.

“ಅವಳು ಕ್ರೈಸ್ತಳಾಗಲಿ ಎಂದು ಪ್ರಾರ್ಥಿಸಬಹುದಾ?” ಎಲ್ಲರೂ ಕ್ರಿಸ್ತನನ್ನು ಅರಿಯಲಿ ಎಂಬ ಬಯಕೆ ತಪ್ಪಲ್ಲ, ಅದು ನಮ್ಮ ವಿಶ್ವಾಸದ ಭಾಗ. ಆದರೆ ವಿಶ್ವಾಸ ದೇವರ ವರ ಮತ್ತು ಪ್ರತಿಯೊಬ್ಬರ ಸ್ವತಂತ್ರ ಉತ್ತರ. ಆ ಬಯಕೆಯನ್ನು ದೇವರ ಕೈಯಲ್ಲಿಟ್ಟು ಗೆಳತಿಯನ್ನು ಗೆಳತಿಯಾಗಿಯೇ ಪ್ರೀತಿಸಬೇಕು. ಗೆಳೆತನವನ್ನು ಗಾಳದ ಹುಳುವಾಗಿ ಬಳಸಬಾರದು.

“ಅವರ ಜೊತೆ ಸೇರಿ ಪ್ರಾರ್ಥಿಸಬಹುದಾ?” 1986ರ ಅಕ್ಟೋಬರ್ 27ರಂದು ಜಗದ್ಗುರು ಎರಡನೇ ಜಾನ್ ಪೌಲ್ ಅವರು ನಾನಾ ಧರ್ಮಗಳ ನಾಯಕರನ್ನು ಅಸ್ಸಿಸಿಗೆ ಕರೆದಾಗ, ಪ್ರಾರ್ಥಿಸಲು ಜೊತೆಗೂಡುವುದು ಬೇರೆ, ಎಲ್ಲವನ್ನೂ ಬೆರೆಸಿ ಒಂದೇ ಪ್ರಾರ್ಥನೆ ಮಾಡುವುದು ಬೇರೆ ಎಂಬ ವಿವೇಕವನ್ನು ಕಾಯ್ದುಕೊಂಡರು. ಜಗದ್ಗುರು ಫ್ರಾನ್ಸಿಸ್ ಅವರು 2015ರ ‘ಲೌದಾತೋ ಸೀ’ ಮತ್ತು 2020ರ ‘ಫ್ರಾತೆಲ್ಲಿ ತೂತ್ತಿ’ ವಿಶ್ವಪತ್ರಗಳ ಕೊನೆಯಲ್ಲಿ ಎರಡೆರಡು ಪ್ರಾರ್ಥನೆ ಕೊಟ್ಟಿದ್ದಾರೆ. ಒಂದು ಸೃಷ್ಟಿಕರ್ತ ದೇವರಿಗೆ, ದೇವರನ್ನು ನಂಬುವ ಎಲ್ಲರೂ ಹೇಳಬಹುದಾದದ್ದು. ಇನ್ನೊಂದು ಕ್ರೈಸ್ತರದ್ದು. ಶಾಲೆಯ ಸಭೆಗೆ ಮೊದಲನೆಯ ಬಗೆ, ಚರ್ಚಿಗೆ ಎರಡನೆಯದು.

ಎಚ್ಚರಿಕೆಗಳು

1. ಧರ್ಮೋಪದೇಶ ತರಗತಿ ಬೇರೆ, ಶಾಲೆ ಬೇರೆ. ಸಂವಿಧಾನದ 28(3)ನೇ ವಿಧಿಯಂತೆ, ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಅಪ್ರಾಪ್ತ ವಯಸ್ಸಿನ ಮಗುವನ್ನು ಪೋಷಕರ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗೆ ಅಥವಾ ಆರಾಧನೆಗೆ ಸೇರಿಸುವಂತಿಲ್ಲ.

2. ಇನ್ನೊಂದು ಧರ್ಮದ ಮಗುವಿನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಲು ನಮ್ಮ ಮಕ್ಕಳಿಗೆ ಹೇಳಬೇಡಿ. 2022ರಲ್ಲಿ ರಾಜ್ಯದಲ್ಲಿ ಮತಾಂತರ ಕುರಿತ ಕಾಯಿದೆ ಬಂತು, 2023ರ ಜೂನ್‌ನಲ್ಲಿ ಅದನ್ನು ಹಿಂಪಡೆಯಲು ಸಂಪುಟ ತೀರ್ಮಾನಿಸಿತು. ಕಾಯಿದೆಯ ಗತಿ ಏನೇ ಇರಲಿ, ಬೇರೆಯವರ ಮಗುವಿನ ಮೇಲೆ ಆ ಮಗುವಿನ ತಂದೆತಾಯಿಗಳಿಗೆ ಇರುವ ಹಕ್ಕನ್ನು ಗೌರವಿಸುವುದು ನಮ್ಮ ಧರ್ಮ.

3. ನೆರೆಮನೆಯ ಕಷ್ಟ, ಕಾಯಿಲೆ, ಜಗಳಗಳನ್ನು ಹೆಸರಿಟ್ಟು ಮೈಕಿನಲ್ಲಿ ಹೇಳಿಸಬೇಡಿ. ಹೆಸರು ಮನಸ್ಸಿನಲ್ಲಿರಲಿ. ಇಂಥ ಪ್ರಾರ್ಥನೆಯ ವಿಡಿಯೋ ಮಾಡಿ ವಾಟ್ಸಾಪಿಗೆ ಹಾಕುವುದೂ ಬೇಡ.

4. ಎಲ್ಲ ಧರ್ಮವೂ ಒಂದೇ ಎಂದು ಹೇಳಿ ಪಾಠ ಮುಗಿಸಬೇಡಿ. ಮಗು ತನ್ನ ವಿಶ್ವಾಸವನ್ನು ಚೆನ್ನಾಗಿ ಬಲ್ಲದ್ದಾದರೆ ಇನ್ನೊಬ್ಬರದನ್ನು ಗೌರವಿಸಲು ಹೆದರುವುದಿಲ್ಲ.

ವರ್ಷದಲ್ಲಿ ನೆನಪಿಡಬೇಕಾದ ದಿನಗಳು

ಫೆಬ್ರವರಿ 4: ಅಂತರರಾಷ್ಟ್ರೀಯ ಮಾನವ ಭ್ರಾತೃತ್ವ ದಿನ. 2019ರಲ್ಲಿ ಇದೇ ದಿನ ಅಬುಧಾಬಿಯಲ್ಲಿ ಜಗದ್ಗುರು ಫ್ರಾನ್ಸಿಸ್ ಮತ್ತು ಅಲ್ ಅಜ್ಹರ್‌ನ ಪ್ರಧಾನ ಇಮಾಮರು ಭ್ರಾತೃತ್ವದ ದಾಖಲೆಗೆ ಸಹಿ ಹಾಕಿದರು.

ರಂಜಾನ್: 1967ರಿಂದ ವ್ಯಾಟಿಕನ್ ಮುಸಲ್ಮಾನರಿಗೆ ಹಬ್ಬದ ಸಂದೇಶ ಕಳುಹಿಸುತ್ತಿದೆ. ಉಪವಾಸ ಮಾಡುವ ಗೆಳೆಯರಿಗಾಗಿ ಪ್ರಾರ್ಥಿಸಬಹುದು.

ಶುಭ ಶುಕ್ರವಾರ: ಹತ್ತು ಪ್ರಾರ್ಥನೆಗಳು.

ಆಷಾಢ: ರಾಮನಗರದಲ್ಲಿ ಚಾಮುಂಡೇಶ್ವರಿ ಕರಗ. ಜಾತ್ರೆಗೆ ಸೇರುವ ಜನರ ಸುರಕ್ಷೆಗಾಗಿ.

ಸೆಪ್ಟೆಂಬರ್ 8: ನಮ್ಮ ತೆನೆಹಬ್ಬ. ಹೊಸ ಬೆಳೆ ಬೆಳೆದ ಎಲ್ಲ ರೈತರಿಗಾಗಿ, ಅವರು ಯಾವ ಧರ್ಮದವರೇ ಆಗಿರಲಿ.

ದೀಪಾವಳಿ: ವ್ಯಾಟಿಕನ್‌ನ ಅಂತರ್‌ಧರ್ಮೀಯ ಸಂವಾದ ಇಲಾಖೆ ಹಿಂದೂಗಳಿಗೆ ಪ್ರತಿವರ್ಷ ಸಂದೇಶ ಕೊಡುತ್ತದೆ. 2025ರಿಂದ ಅದರ ಮುಖ್ಯಸ್ಥರು ಕೇರಳದ ಕಾರ್ಡಿನಲ್ ಜಾರ್ಜ್ ಕೂವಕ್ಕಾಡ್. ಆ ಸಂದೇಶವನ್ನು ಪಕ್ಕದ ಮನೆಗೆ ಮಗುವಿನ ಕೈಯಲ್ಲೇ ತಲುಪಿಸಬಹುದು.

ಧರ್ಮಕೇಂದ್ರದ ಪಾಲನಾ ಮಂಡಳಿಗಳು ಮತ್ತು ಕ್ರೈಸ್ತ ಶಿಕ್ಷಣದ ಸಂಚಾಲಕರು ಈ ದಿನಗಳನ್ನು ತಮ್ಮ ವಾರ್ಷಿಕ ಯೋಜನೆಯಲ್ಲಿ ಸೇರಿಸಿಕೊಳ್ಳಬೇಕೆಂದು ಕೋರುತ್ತೇವೆ. ತಂದೆತಾಯಿಗಳಿಗೆ ಇನ್ನೂ ಚಿಕ್ಕ ಕೋರಿಕೆ ಇದೆ. ಇಂದಿನ ಜಪಸರದ ಕೊನೆಯಲ್ಲಿ, ನಮ್ಮ ಧರ್ಮದವರಲ್ಲದ ಒಬ್ಬರ ಹೆಸರು ಹೇಳಲು ಮಗುವಿಗೆ ಹೇಳಿ. ಮಗು ಯಾರ ಹೆಸರು ಹೇಳುತ್ತದೆ, ಏಕೆ ಹೇಳುತ್ತದೆ ಎಂದು ಕೇಳಿಸಿಕೊಳ್ಳಿ. ಪಾಠವನ್ನು ಅಲ್ಲಿಂದಲೇ ಆರಂಭಿಸಬಹುದು.